ಹೆಬ್ಬೆರಳಿನ ಬುಡ

ಮಾರ್ಚ್ 4

ಇವತ್ತು ನಮ್ಮ ಮನೆಯವರ ಬಲ ಅಂಗೈಯ ಅಚ್ಚು ತೆಗೆದೆ. ಮ್ಯೂಸಿಯಂನಲ್ಲಿ ಹೊಸ ವಿಭಾಗ ತೆರೆಯುವ ಗಲಾಟೆ. ಮನುಷ್ಯನ ಮೈಗೆ ಏನೇನು ಸಾಧ್ಯ, ನಮ್ಮ ನೆಂಟರಾದ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಮೈಗೆ ಏನೇನು ಸಾಧ್ಯ, ಲಕ್ಷಾಂತರ ವರ್ಷಗಳಲ್ಲಿ ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನೆಲ್ಲ ಮಾದರಿಗಳಲ್ಲಿ ತೋರಿಸಬೇಕು. ಮಾದರಿ ಮಾಡುವವಳು ನಾನೊಬ್ಬಳೇ. ಇಪ್ಪತ್ತೆರಡು ವರ್ಷ ಪ್ಲಾಸ್ಟರು, ಮೇಣ, ರಬ್ಬರು ಕಲಸಿ ಕಲಸಿ ನನ್ನ ಉಗುರಿನ ಬಣ್ಣವೇ ಬದಲಾಗಿದೆ.

ಮೊದಲ ಗಾಜಿನ ಪೆಟ್ಟಿಗೆ ಹೆಬ್ಬೆರಳಿನದು. ಹೆಬ್ಬೆರಳಿನ ಬುಡದಲ್ಲಿ ಅಂಗೈ ಮೇಲೆ ಉಬ್ಬಿಕೊಂಡಿರುವ ಮಾಂಸದ ದಿಬ್ಬ ಇದೆಯಲ್ಲ, ಅದೇ ಮನುಷ್ಯನ ಬಂಡವಾಳ. ಅದು ಇರುವುದರಿಂದಲೇ ಹೆಬ್ಬೆರಳು ಮುಂದಕ್ಕೆ ಬಂದು ಉಳಿದ ಬೆರಳುಗಳ ತುದಿ ಮುಟ್ಟುತ್ತದೆ, ಸೂಜಿ ಹಿಡಿಯುತ್ತದೆ, ಬೀಗ ತಿರುಗಿಸುತ್ತದೆ. ಚಿಂಪಾಂಜಿ ಒಂದೇ ಕೈಯಲ್ಲಿ ಕೊಂಬೆಗೆ ಜೋತುಬಿದ್ದೀತು, ಆದರೆ ಅದರ ಹೆಬ್ಬೆರಳು ಮೋಟು, ಬುಡ ಚಪ್ಪಟೆ. ದಿಬ್ಬವೇ ನೋಡುವವರ ಕಣ್ಣಿಗೆ ಬೀಳಲಿ ಎಂದು ಮಾದರಿಗಳ ಬೆರಳುಗಳನ್ನೆಲ್ಲ ಬುಡದಲ್ಲೇ ಕತ್ತರಿಸಿ, ಬರೀ ಅಂಗೈಗಳನ್ನು ಸಾಲಾಗಿ ಇಡುವ ಉಪಾಯ ನನ್ನದೇ. ಮುಖ್ಯಸ್ಥರು ಭೇಷ್ ಅಂದರು.

ಇವರು ಶಾಲೆಯಲ್ಲಿ ಆಟ ಕಲಿಸುವವರು, ಬೀದಿಗೆಲ್ಲ ಸೀಟಿ ಮೇಷ್ಟ್ರು. ಐವತ್ತನಾಲ್ಕನೆಯ ವಯಸ್ಸಿನಲ್ಲೂ ಭರ್ಜಿ ಎಸೆದರೆ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತವೆ. ಮನುಷ್ಯನ ಕೈ ಎಂದು ತೋರಿಸಲು ಬೇರೆ ಕೈ ಯಾಕೆ ಹುಡುಕಲಿ? ಲೇಪ ಗಟ್ಟಿಯಾಗುವವರೆಗೆ ಅಲ್ಲಾಡಬೇಡಿ ಎಂದರೆ, "ಮೂಳೆ ಮಹಾರಾಣಿಯವರೇ, ಮೂಗು ತುರಿಸ್ತಿದೆ, ದಯವಿಟ್ಟು ಕೆರೀರಿ" ಎಂದು ಪ್ರಾಣ ತಿಂದರು.

ಕೆಲಸ ಮುಗಿದ ಮೇಲೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆದುಕೊಡಿ ಎಂದೆ. ತಿರುಗಿಸಿದರು, ತಿರುಗಿಸಿದರು, ಆಗಲಿಲ್ಲ. ಬೆಳಿಗ್ಗೆ ಲೋಟ ಬೀಳಿಸಿದ್ದರು. ಕಳೆದ ವಾರ ಬೀಗ ತೆಗೆಯಲಾಗದೆ ಬಾಗಿಲಲ್ಲಿ ನನಗಾಗಿ ಕಾದು ನಿಂತಿದ್ದರು. "ಕೈಲಾಗದವರು" ಎಂದು ಬೈದು ಮುಚ್ಚಳ ನಾನೇ ತೆಗೆದೆ. ನಕ್ಕರು.

ಮಾರ್ಚ್ 19

ನಮ್ಮಲ್ಲಿ ಫಲಕ ಬರೆಯುವ ಹಿರಿಯರೊಬ್ಬರಿದ್ದಾರೆ. ಒಂದು ಮಾತಿಗೆ ನಾಲ್ಕು ಅರ್ಥ ಹೇಳದೆ ಮುಂದೆ ಹೋಗುವವರಲ್ಲ, ಅದಕ್ಕೇ ಪದಕೋಶ ಎಂದು ಹೆಸರು. ಇವತ್ತು ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅಂಗೈಗಳಿಗೆಲ್ಲ ಚೀಟಿ ಅಂಟಿಸಿಟ್ಟಿದ್ದರು. ಇವರ ಕೈಗೆ "ಚಿಂಪಾಂಜಿ, ಬಲ" ಎಂದಿತ್ತು.

ಮೈಯೆಲ್ಲ ಉರಿದುಹೋಯಿತು. "ಏನ್ರೀ ಇದು? ಕಣ್ಣು ಕಾಣಲ್ವಾ ನಿಮಗೆ? ಇದು ನಮ್ಮ ಮನೆಯವರ ಕೈ!"

"ಮನುಷ್ಯರದ್ದು ಇನ್ನೂ ಬಂದಿಲ್ಲ ಅಂದ್ಕೊಂಡೆ ಕಣಮ್ಮ," ಎಂದರು ಪಾಪ. "ಉಬ್ಬಿದ್ರೆ ಮನುಷ್ಯ, ಚಪ್ಪಟೆ ಇದ್ರೆ ನೆಂಟ ಅಂತ ನೀವೇ ತಾನೇ ಹೇಳಿಕೊಟ್ಟದ್ದು?"

ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಂದ ಮೇಲೆ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದೆ. ದಿಬ್ಬವೇ ಇರಲಿಲ್ಲ. ಹದಿನೈದು ದಿನ ನಾನೇ ಅದನ್ನು ಉಜ್ಜಿ, ತೀಡಿ, ಬಣ್ಣ ಹಾಕಿದ್ದೆ. ನನ್ನ ಕಣ್ಣಿಗೆ ಅದು ಇವರ ಕೈ, ಅಷ್ಟೇ ಆಗಿತ್ತು. ಇದ್ದೇ ಇರುತ್ತದೆ ಎಂದುಕೊಂಡಿದ್ದೆ.

ಸಂಜೆ ಮನೆಗೆ ಬಂದವಳೇ ಚೀಲ ಇಳಿಸದೆ ಇವರ ಅಂಗೈ ಬಿಡಿಸಿ ದಿಬ್ಬದ ದಪ್ಪ ಅಳೆದೆ. ಬಲ: 9 ಮಿ.ಮೀ. ಎಡ: 18. ನನ್ನದು 20.

"ಗೊತ್ತಿತ್ತು ಕಣೇ," ಎಂದರು. "ಎರಡು ತಿಂಗಳಿಂದ ಸೀಟಿ ಹಿಡಿಯೋಕೆ ಆಗ್ತಿಲ್ಲ. ದಾರ ಹಾಕಿ ಕೊರಳಿಗೆ ಕಟ್ಕೊಂಡಿದೀನಿ."

ಏಪ್ರಿಲ್ 11

ಎಂಟು ಪರೀಕ್ಷೆಗಳಾದ ಮೇಲೆ ನರಗಳ ಡಾಕ್ಟರು ಇವರ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಹೇಳಿದರು, "ಹೆಬ್ಬೆರಳು ಹೀಗೆ ಪಕ್ಕಕ್ಕೆ ಮಲಗಿಬಿಟ್ಟಿದೆ ನೋಡಿ. ನಮ್ಮ ಪುಸ್ತಕದಲ್ಲಿ ಇದಕ್ಕೆ ಕೋತಿ ಕೈ ಅಂತಾರೆ."

ನಾನು ಜಗಳಕ್ಕೆ ಬಿದ್ದೆ. ಕೋತಿ ಬೇರೆ, ಚಿಂಪಾಂಜಿ ಬೇರೆ, ಕೋತಿಗೆ ಬಾಲ ಇರುತ್ತದೆ, ಚಿಂಪಾಂಜಿಗೆ ಇರುವುದಿಲ್ಲ, ನಿಮ್ಮ ಪುಸ್ತಕ ತಿದ್ದಬೇಕು ಎಂದು ಹತ್ತು ನಿಮಿಷ ವಾದ ಮಾಡಿದೆ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಇವರು. "ಇನ್ನೆಷ್ಟು ದಿನ, ಡಾಕ್ಟ್ರೇ?"

ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವಂತೆ. ಮುಟ್ಟಿದ್ದು ತಿಳಿಯುತ್ತದೆ, ಬುದ್ಧಿ ನೆಟ್ಟಗಿರುತ್ತದೆ, ಮೈ ಮಾತ್ರ ಮಾತು ಕೇಳುವುದಿಲ್ಲ. ಕೈ, ಕಾಲು, ಕುತ್ತಿಗೆ, ನಾಲಿಗೆ, ಕೊನೆಗೆ ಉಸಿರು. ಕೆಲವರಿಗೆ ಐದು ವರ್ಷ, ಕೆಲವರಿಗೆ ಒಂದೇ. "ನಮ್ಮ ಕೈ ಮೀರಿದ್ದು" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಇವರು, "ಕೈ ಕೊಡ್ತು ಅಂತಾರಲ್ಲ, ನಿಜವಾಗ್ಲೂ ಕೈಯೇ ಕೊಡ್ತಲ್ಲೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ನಾನು ಯಾವತ್ತು ಯಾವತ್ತು ಇವರನ್ನು ಕೈಲಾಗದವರು ಎಂದು ಬೈದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಕೂತೆ. ಲೆಕ್ಕಕ್ಕೆ ಸಿಗಲಿಲ್ಲ.

ಮೇ 2

ಬಲ: 8. ಎಡ: 16.

ಜೇಡಿಮಣ್ಣಿನ ಉಂಡೆ ಮಾಡಿ ದಿನಕ್ಕೆ ಮುನ್ನೂರು ಸಲ ಅಮುಕಿಸುತ್ತಿದ್ದೇನೆ. ಮನುಷ್ಯನ ಕೈ ಈ ರೂಪಕ್ಕೆ ಬರಲು ಲಕ್ಷಾಂತರ ವರ್ಷ ಬೇಕಾಯಿತು, ಒಂದು ವರ್ಷದಲ್ಲಿ ಹೇಗೆ ಹೋದೀತು? ಡಾಕ್ಟರು ಹೇಳಿದ್ದೆಲ್ಲ ವೇದವಲ್ಲ. ಇವರು ನೂರಕ್ಕೇ ಸುಸ್ತಾಗುತ್ತಾರೆ, ನಾನು ಬಿಡುವುದಿಲ್ಲ.

ಪದಕೋಶರು ಹೆಬ್ಬೆರಳಿನ ಫಲಕಕ್ಕೆ ಕೊನೆಯ ಸಾಲು ಕೇಳಿದರು. "ಶಕ್ತಿಯಲ್ಲಿ ಚಿಂಪಾಂಜಿ ಮುಂದು, ಹಿಡಿತದಲ್ಲಿ ಮನುಷ್ಯ ಗೆದ್ದ" ಎಂದು ಬರೆಯಿರಿ ಎಂದೆ. ಗೆದ್ದ ಎನ್ನುವುದು ಸ್ವಲ್ಪ ಜಾಸ್ತಿ ಆಯ್ತೇನೋ ಎಂದು ರಾಗ ಎಳೆದರು. ಒಂದಕ್ಷರ ಬದಲಾಯಿಸಕೂಡದು ಎಂದೆ.

ಜೂನ್ 30

ನಾದಿನಿ ಬಂದಿದ್ದಳು. ಇವರ ಒಬ್ಬಳೇ ತಂಗಿ, ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತಾಳೆ. ಚೀಲದಿಂದ ಒಂದು ಕಾಗದ ತೆಗೆದು ಅಣ್ಣನ ಮುಂದೆ ಇಟ್ಟಳು. ಇವರೇ ನನಗೆ ತಿಳಿಯದಂತೆ ಫೋನಿನಲ್ಲಿ ಹೇಳಿ ಬರೆಸಿದ್ದರಂತೆ. ಉಸಿರಾಡುವ ಸ್ನಾಯು ನಿಂತುಹೋದಾಗ ಗಂಟಲಲ್ಲಿ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸಬಾರದು, ಸಂಕಟವಾಗದ ಹಾಗೆ ನೋಡಿಕೊಂಡು ಹೋಗಲು ಬಿಡಬೇಕು. ಇಷ್ಟೇ ಇತ್ತು. ಕೆಳಗೆ ಇವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಬ್ಬ ಸಾಕ್ಷಿ ನಾನೇ ಆಗಬೇಕಂತೆ.

ಯಂತ್ರ ಇದ್ದರೆ ವರ್ಷಗಟ್ಟಲೆ ಬದುಕುವವರಿದ್ದಾರೆ. ನಾನು ಓದಿದ್ದೇನೆ. ಕಾಗದ ಕಿತ್ತುಕೊಂಡೆ.

"ಅತ್ತಿಗೆ, ಅಣ್ಣನ ಕೈ ಇನ್ನೂ ಆಡ್ತಿದೆ. ಪೆನ್ನು ಹಿಡಿಯೋಕೆ ಬರುವಾಗಲೇ ಹಾಕಿಸ್ಬೇಕು."

"ನಿಮ್ಮಣ್ಣನ ಕೈ ಆಡ್ತಾನೇ ಇರುತ್ತೆ. ನಾನಿರೋದು ಯಾಕೆ?"

"ಅತ್ತಿಗೆ, ಇದು ನಿಮ್ಮ ಹಟ ಸಾಧಿಸೋ ಜಾಗ ಅಲ್ಲ."

"ನನ್ನ ಮನೇಲಿ ನಿಂತು ನನಗೆ ಹೇಳಿಕೊಡ್ಬೇಡ!"

ಅವಳು ಅಳುತ್ತ ಹೋದಳು. ಇವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಕಾಗದವನ್ನು ನನ್ನ ಕೆಲಸದ ಮೇಜಿನ ಕೆಳಗಿನ ಖಾನೆಯಲ್ಲಿ, ಮೇಣದ ಅಚ್ಚುಗಳ ಅಡಿಯಲ್ಲಿ ತಳ್ಳಿದೆ. ಬಲ 6, ಎಡ 13.

ಜುಲೈ 1

ಏನೂ ಬರೆಯಲು ಮನಸ್ಸಿಲ್ಲ.

ಆಗಸ್ಟ್ 23

ಹೆಗಲಿನ ಮಾದರಿ ಮಾಡುತ್ತಿದ್ದೇನೆ. ಗುರಿಯಿಟ್ಟು ರಭಸದಿಂದ ಎಸೆಯುವ ವಿದ್ಯೆ ಮನುಷ್ಯನೊಬ್ಬನದೇ. ಚಿಂಪಾಂಜಿಯೂ ಎಸೆಯುತ್ತದೆ, ಆದರೆ ಅದರ ಹೆಗಲಿನ ಕೀಲು ಮೇಲಕ್ಕೆ ಮುಖ ಮಾಡಿದೆ, ಮರ ಹತ್ತಲು ಹೇಳಿ ಮಾಡಿಸಿದ್ದು. ನಮ್ಮದು ಪಕ್ಕಕ್ಕೆ ತಿರುಗಿ, ಸೊಂಟ ಉದ್ದವಾಗಿ, ಎಸೆಯುವ ಮೊದಲು ಇಡೀ ಮೈ ಹಿಂದಕ್ಕೆ ಹುರಿಗೊಳ್ಳುತ್ತದೆ. ಇದನ್ನು ಮಣ್ಣಿನಲ್ಲಿ ಎಷ್ಟು ಸಲ ಮಾಡಿದರೂ ನನಗೆ ಸರಿ ಬರಲಿಲ್ಲ. ಭಾನುವಾರ ಇವರನ್ನೇ ಕೇಳಿದೆ.

ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ನನ್ನಿಂದ ಟೆನ್ನಿಸ್ ಚೆಂಡುಗಳನ್ನು ತರಿಸಿದರು. "ಎಡಗಾಲು ಮುಂದೆ. ಏ, ಅದು ಬಲಗಾಲು! ಹೆಗಲು ಹಿಂದಕ್ಕೆ ಬಿಡು, ಕೈ ಕೊನೇಗೆ ಬರ್ಲಿ. ಕೈಯಿಂದ ಎಸೆಯೋದಲ್ಲ ಕಣೇ, ಹಿಮ್ಮಡಿಯಿಂದ." ನಾನೆಸೆದದ್ದು ಪಕ್ಕದವರ ನೀರಿನ ಟ್ಯಾಂಕಿಗೆ ಹೋಗಿ ಬಡಿಯಿತು. ಎರಡನೆಯದು ನನ್ನ ಹಿಂದೆಯೇ ಬಿತ್ತು, ಹೇಗೆಂದು ನನಗೇ ಗೊತ್ತಿಲ್ಲ. ಇವರು ನಕ್ಕೂ ನಕ್ಕೂ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಬೆನ್ನು ಸವರಿದ ಮೇಲೆ ಸುಧಾರಿಸಿಕೊಂಡರು.

"ನಾನೊಂದು ಸಲ" ಎಂದರು. ತೊಡೆಯ ಮೇಲಿದ್ದ ಚೆಂಡನ್ನು ಎರಡೂ ಕೈಗಳಿಂದ ತಳ್ಳಿದರು. ಅದು ಕಾಲ ಬಳಿಯೇ ಉರುಳಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ, ಚಿಕ್ಕ ಮಕ್ಕಳಿಗೆ ತಟ್ಟುವ ಹಾಗೆ. ಯಾಕೆ ತಟ್ಟಿದೆನೋ. ಇವರು ನನ್ನ ಮುಖವನ್ನೇ ನೋಡಿದರು. ಆ ನೋಟವನ್ನು ಮರೆಯುವುದು ನನ್ನಿಂದಾಗದು.

ಅಕ್ಟೋಬರ್ 9

ತಿಂಡಿ ತಿನ್ನಿಸುವಾಗ ಕೇಳಿದರು, "ಆ ಕಾಗದ ಎಲ್ಲಿಟ್ಟಿದೀಯ?"

"ಯಾವ ಕಾಗದ?"

"ಗೊತ್ತಿದೆ ನಿನಗೆ."

"ಮನೆ ಗುಡಿಸುವಾಗ ಹೋಯ್ತು ಅನಿಸುತ್ತೆ ರೀ. ಬಾಯಿ ತೆಗೀರಿ."

ಬಾಯಿ ತೆಗೆದರು. ಮೂವತ್ತು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಇವರು ಹಿಡಿದಿದ್ದಾರೆ, ಇದನ್ನೂ ಹಿಡಿದಿದ್ದಾರೆ. ಆದರೆ ಮತ್ತೆ ಕೇಳಲಿಲ್ಲ.

ನವೆಂಬರ್ 17

ಓಟದ ಪೆಟ್ಟಿಗೆ ಮುಗಿಯಿತು. ಬಿಸಿಲಿನಲ್ಲಿ ಮೈಲಿಗಟ್ಟಲೆ ಓಡುವುದರಲ್ಲಿ ಮನುಷ್ಯನಿಗೆ ಸಮನಾದ ನೆಂಟ ಇಲ್ಲ. ಮೈತುಂಬ ಬೆವರು, ಉದ್ದ ಕಾಲು, ಹಿಮ್ಮಡಿಯ ಹುರಿ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತಲೆಬುರುಡೆಯ ಹಿಂಭಾಗದಿಂದ ಕತ್ತಿನ ಮೂಳೆಗಳಿಗೆ ಇಳಿಯುವ ಒಂದು ಪಟ್ಟಿ. ಓಡುವಾಗ ತಲೆ ಮುಂದಕ್ಕೆ ಮುಗ್ಗರಿಸದಂತೆ ಹಿಡಿದಿಡುವುದು ಅದು. ಚಿಂಪಾಂಜಿಗೆ ಅದಿಲ್ಲ.

ಪಟ್ಟಿಯೊಂದೇ ಸಾಲದು, ಅದರ ಜೊತೆ ಸ್ನಾಯುಗಳೂ ಇರಬೇಕು ಎಂದು ಈಗ ತಿಳಿಯಿತು. ಇವರ ತಲೆ ಎದೆಯ ಮೇಲೆ ಬಿದ್ದುಬಿಡುತ್ತಿದೆ. ನಿನ್ನೆ ಗಡ್ಡ ಹೆರೆಯುವಾಗ ಒಂದು ಕೈಯಲ್ಲಿ ಹಣೆ ಹಿಡಿದು ಹೆರೆದೆ, ಸ್ನಾನಕ್ಕೂ ಹಾಗೆಯೇ. ಆಸ್ಪತ್ರೆಯವರು ಕೊಟ್ಟ ಕತ್ತಿನ ಪಟ್ಟಿ ಗಲ್ಲಕ್ಕೆ ಒತ್ತುತ್ತದೆ ಎಂದು ನಾನೇ ಮೃದುವಾದ ಸ್ಪಂಜಿನಲ್ಲಿ ಒಂದು ಮಾಡಿದೆ. ಇವರ ಕತ್ತಿನ ಅಚ್ಚು ತೆಗೆದೇ ಮಾಡಿದ್ದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. "ಚೆನ್ನಾಗಿದೆ" ಎಂದರು. ನಾಲಿಗೆ ತೊದಲುತ್ತದೆ, ನನಗೆ ಅರ್ಥವಾಗುತ್ತದೆ. ಬೇರೆಯವರಿಗೆ ನಾನೇ ಬಿಡಿಸಿ ಹೇಳಬೇಕು.

ಇವತ್ತು ಉಗುರು ಕತ್ತರಿಸುತ್ತ ಕೂತಾಗ ಪದಕೋಶರ ಫೋನು. ಫಲಕಗಳೆಲ್ಲ ನಾಳೆ ಮುದ್ರಣಕ್ಕೆ ಹೋಗುತ್ತವೆ, ಏನಾದರೂ ತಿದ್ದುವುದಿದೆಯೇ ಎಂದರು. ಹೆಬ್ಬೆರಳಿನ ಫಲಕದ ಆ ಗೆದ್ದ ಎನ್ನುವುದನ್ನು ತೆಗೆದುಬಿಡಿ ಎಂದೆ. ಯಾಕೆ ಎಂದು ಕೇಳಿದರು. ಯಾಕೋ ಚೆನ್ನಾಗಿ ಕೇಳಿಸುವುದಿಲ್ಲ ಎಂದೆ. ಇನ್ನೊಂದು ಕೈಯ ಉಗುರು ಬಾಕಿ ಇತ್ತು.

ಜನವರಿ 6

ಚಿಂಪಾಂಜಿ ಒಳಗೆಳೆಯುವ ಉಸಿರಿಗೊಂದು ಕೂಗು, ಹೊರಬಿಡುವ ಉಸಿರಿಗೊಂದು ಕೂಗು ಹಾಕುತ್ತದೆ. ಮನುಷ್ಯ ಒಂದು ಉಸಿರನ್ನು ಜಿಪುಣನ ಹಾಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಒಂದು ಉದ್ದನೆಯ ವಾಕ್ಯ ಹೇಳಬಲ್ಲ. ಎದೆಯ ಸ್ನಾಯುಗಳಿಗೆ ಅಷ್ಟು ನರಗಳು ಬಂದಿರುವುದರಿಂದ ಅದು ಸಾಧ್ಯ. ಇದು ಕೊನೆಯ ಪೆಟ್ಟಿಗೆ. ಮಾಡಿ ಕಳಿಸಿದೆ, ಮತ್ತೆ ನೋಡಲಿಲ್ಲ.

ಇವರಿಗೀಗ ಒಂದು ಉಸಿರಿಗೆ ಒಂದೋ ಎರಡೋ ಮಾತು. ಯಾರಿಗೂ ಸುಮ್ಮನೆ ಖರ್ಚು ಮಾಡುವುದಿಲ್ಲ. ಹೌದು ಎನ್ನಲು ಒಂದು ಸಲ ಕಣ್ಣು ಮುಚ್ಚುತ್ತಾರೆ, ಬೇಡ ಎನ್ನಲು ಎರಡು ಸಲ.

ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದೆ. ಕರೆದ ಹಾಗಾಯಿತು. ಹತ್ತಿರ ಹೋಗಿ ಬಾಯಿಗೆ ಕಿವಿಯಿಟ್ಟೆ.

"ನನ್ನ... ಉಸಿರು..."

ಕಾದೆ.

"ನಂದು... ಕಣೇ."

ಅಷ್ಟೇ. ಕೋಪವಿರಲಿಲ್ಲ. ಬೇಡಿಕೊಂಡ ಹಾಗಿತ್ತು. ಎಂಥ ಮನುಷ್ಯ, ಭರ್ಜಿ ಎಸೆಯುವ ಮೊದಲು ಮೈದಾನವೇ ತನ್ನದೆಂಬಂತೆ ನಿಲ್ಲುತ್ತಿದ್ದವರು. ತಮ್ಮ ಉಸಿರನ್ನು ತಮಗೆ ಕೊಡು ಎಂದು ನನ್ನನ್ನು ಬೇಡುವ ಹಾಗೆ ನಾನು ಮಾಡಿಟ್ಟಿದ್ದೆ. ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಆಮೇಲೆ ಖಾನೆ ಎಳೆದು ಕಾಗದ ತೆಗೆದೆ. ಒಂದು ಮೂಲೆಗೆ ಮೇಣ ಅಂಟಿತ್ತು. ನಾದಿನಿಗೆ ಫೋನು ಮಾಡಿ, ನಿನ್ನ ಅತ್ತಿಗೆ ಮೂರ್ಖಳು, ನಾಳಿದ್ದು ಬಾ ಎಂದೆ. "ಬರ್ತೀನಿ ಅತ್ತಿಗೆ" ಎಂದಳು, ಬೇರೆ ಏನೂ ಅನ್ನಲಿಲ್ಲ.

ಜನವರಿ 8

ಜೂನಿನಲ್ಲಿ ಕೊಟ್ಟಿದ್ದರೆ ಇವರು ತಮ್ಮ ಸಹಿ ತಾವೇ ಹಾಕುತ್ತಿದ್ದರು. ವಕ್ರವಾಗಿಯಾದರೂ ಹಾಕುತ್ತಿದ್ದರು. ಈಗ ಪೆನ್ನು ಬೆರಳ ನಡುವೆ ನಿಲ್ಲುವುದೇ ಇಲ್ಲ. ಆರು ತಿಂಗಳು ಅದನ್ನು ಮೇಣದ ಕೆಳಗೆ ಬಚ್ಚಿಟ್ಟವಳು ನಾನು.

ಡಾಕ್ಟರು ಮನೆಗೇ ಬಂದರು. ಕಾಗದವನ್ನು ಗಟ್ಟಿಯಾಗಿ ಓದಿ, ಒಂದೊಂದು ಸಾಲಿಗೂ ಒಪ್ಪಿಗೆಯೇ ಎಂದು ಕೇಳಿದರು. ಇವರು ಪ್ರತಿ ಸಾಲಿಗೂ ಒಂದೇ ಸಲ ಕಣ್ಣು ಮುಚ್ಚಿದರು. "ಹೆಬ್ಬೆಟ್ಟು ಒತ್ತಿಸೋಣ. ಕೈಗೆ ಆಸರೆ ಕೊಡಬಹುದು, ಒತ್ತೋದು ಮಾತ್ರ ಅವರೇ ಒತ್ತಬೇಕು" ಎಂದರು ಡಾಕ್ಟರು.

ಶಾಯಿ ಹಚ್ಚಿ, ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಕಾಗದದ ಮೇಲಿಟ್ಟೆ. ಇವರ ಹಣೆಯಲ್ಲಿ ಬೆವರು ಮೂಡಿತು. ಬೆರಳು ಅಲ್ಲಾಡಲಿಲ್ಲ. ತೆಳ್ಳಗೆ ಒಂದು ಗೆರೆ ಬಿತ್ತು, ಯಾರದೆಂದು ಹೇಳಲು ಬಾರದಂಥದ್ದು. ಇನ್ನೊಂದು ಸಲ ಇಟ್ಟೆವು. ಈ ಸಲ ಸ್ಪಷ್ಟವಾಗಿ ಬಂತು, ಸುಳಿಯೆಲ್ಲ ಕಾಣುವ ಹಾಗೆ. ಇವರು ಒತ್ತಿದರೋ ನಾನು ಒತ್ತಿದೆನೋ ನನಗೆ ಗೊತ್ತಿಲ್ಲ. ಡಾಕ್ಟರು ಕಿಟಕಿಯ ಕಡೆ ನೋಡುತ್ತಿದ್ದರು. ನಾದಿನಿ ಸಹಿ ಹಾಕಿದಳು, ಅವಳ ಕೆಳಗೆ ನಾನು.

ಶಾಯಿ ಒರೆಸಲು ಬಿಸಿನೀರು ತಂದಾಗ ಇವರು ನಿದ್ದೆ ಹೋಗಿದ್ದರು. ಎಷ್ಟೋ ದಿನಗಳ ಮೇಲೆ ಅಷ್ಟು ನೆಮ್ಮದಿಯ ನಿದ್ದೆ.

ಫೆಬ್ರುವರಿ 20

ಹೊಸ ವಿಭಾಗ ತೆರೆಯಿತಂತೆ. ಹೋಗಲಿಲ್ಲ. ಇವರಿಗೆ ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಬಿಸಿಲು ಚೆನ್ನಾಗಿತ್ತು, ಕಿಟಕಿಯ ಬಳಿ ಮಲಗಿಸಿದೆ.

ಮಾರ್ಚ್ 30

ಮೂರು ದಿನವಾಯಿತು. ಬರೆದುಬಿಡುತ್ತೇನೆ.

ಇಪ್ಪತ್ತೇಳರ ಬೆಳಿಗ್ಗೆ ಎರಡು ಚಮಚ ಸೂಪು ಕುಡಿಸುವಷ್ಟರಲ್ಲಿ ನೆತ್ತಿಗೆ ಹತ್ತಿತು. ಕೆಮ್ಮಲು ಶಕ್ತಿ ಇರಲಿಲ್ಲ. ತುಟಿ ನೀಲಿಗಟ್ಟಿತು. ಅಷ್ಟು ದಿನ ಮನಸ್ಸಿನಲ್ಲೇ ಮಾಡಿಕೊಂಡಿದ್ದ ಸಿದ್ಧತೆಯೆಲ್ಲ ಮರೆತುಹೋಗಿ ಆಂಬುಲೆನ್ಸ್ ಕರೆಸಿದೆ. ಚಪ್ಪಲಿಯನ್ನೂ ಮೆಟ್ಟದೆ ಹತ್ತಿದೆ. ಕಾಗದ ಮನೆಯಲ್ಲೇ ಉಳಿಯಿತು.

ನಮ್ಮ ಡಾಕ್ಟರು ರಜೆಯಲ್ಲಿದ್ದರು. ತುರ್ತು ಕೋಣೆಯಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು, ಇವರನ್ನು ಎಂದೂ ಕಂಡವಳಲ್ಲ. ಗಂಟಲು ಸ್ವಚ್ಛ ಮಾಡಿ, ಆಮ್ಲಜನಕ ಹಿಡಿದು, ನನ್ನ ಕಡೆ ತಿರುಗಿದಳು.

"ಉಸಿರು ಸಾಲ್ತಿಲ್ಲ ಅಮ್ಮ. ನಳಿಗೆ ಹಾಕಿ ಯಂತ್ರಕ್ಕೆ ಕೊಟ್ರೆ ಉಳೀತಾರೆ. ಈಗಲೇ ಹೇಳ್ಬೇಕು. ಇವರು ಮೊದಲೇ ಏನಾದ್ರೂ ಬರೆದುಕೊಟ್ಟಿದಾರಾ?"

ನಾದಿನಿ ಇನ್ನೂ ದಾರಿಯಲ್ಲಿದ್ದಳು. ಆ ಕೋಣೆಯಲ್ಲಿ ಕಾಗದದ ವಿಷಯ ತಿಳಿದವರು ಇಬ್ಬರೇ, ಅದರಲ್ಲಿ ಒಬ್ಬರಿಗೆ ಮಾತಿಲ್ಲ. ಇಲ್ಲ ಎಂದುಬಿಟ್ಟರೆ ಮುಗಿಯಿತು, ಇವರು ನನ್ನ ಜೊತೆ ಮನೆಗೆ ಬರುತ್ತಾರೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಇಲ್ಲಿ ಸುಳ್ಳು ಬರೆದು ಏನಾಗಬೇಕು? ಇವರು ನನ್ನನ್ನೇ ನೋಡುತ್ತಿದ್ದರು. ಕೇಳಿಕೊಳ್ಳುತ್ತಿರಲಿಲ್ಲ, ಗದರಿಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು.

"ಬರೆದುಕೊಟ್ಟಿದಾರೆ, ಕಾಗದ ಮನೇಲಿದೆ," ಎಂದೆ. "ಯಂತ್ರ ಬೇಡ. ಸಂಕಟ ಆಗದ ಹಾಗೆ ಔಷಧ ಕೊಡಿ."

"ಕಾಗದ ಕೈಯಲ್ಲಿಲ್ಲ ಅಂದ್ರೆ ಇನ್ನೊಬ್ರ ಎದುರು ಇನ್ನೊಂದ್ಸಲ ಹೇಳ್ಬೇಕಾಗುತ್ತೆ ಅಮ್ಮ. ಕ್ಷಮಿಸಿ." ನರ್ಸನ್ನು ಕರೆದಳು.

ಇನ್ನೊಂದು ಸಲ ಹೇಳಿದೆ. ಮೊದಲ ಸಲ ಹೇಗೋ ಬಾಯಿಂದ ಜಾರಿತ್ತು. ಎರಡನೆಯ ಸಲ ಒಂದೊಂದು ಅಕ್ಷರವನ್ನೂ ನಾನೇ ಎತ್ತಿ ಎತ್ತಿ ಇಡಬೇಕಾಯಿತು. ಇವರು ಒಂದು ಸಲ ಕಣ್ಣು ಮುಚ್ಚಿ ತೆರೆದರು.

ಔಷಧ ಕೊಟ್ಟ ಮೇಲೆ ಮುಖದ ಬಿಗಿ ಸಡಿಲವಾಯಿತು. ನಾದಿನಿ ಬಂದು ಕಾಲ ಬಳಿ ಕೂತಳು. ನಾನು ಕೈ ಹಿಡಿದು ಏನೇನೋ ಹರಟಿದೆ, ಪಕ್ಕದವರ ಟ್ಯಾಂಕು, ಶಾಲೆಯ ಮಕ್ಕಳು, ನಾನು ಬೇಯಿಸಿಟ್ಟ ಸೂಪಿಗೆ ಉಪ್ಪು ಹೆಚ್ಚಾಗಿದ್ದದ್ದು. ಮಧ್ಯಾಹ್ನ ಎರಡು ನಲವತ್ತಕ್ಕೆ ಒಂದು ಉಸಿರು ಹೊರಗೆ ಹೋಯಿತು. ಮುಂದಿನದಕ್ಕಾಗಿ ಕಾದೆ. ಬಹಳ ಹೊತ್ತು ಕಾದೆ.

ನರ್ಸ್ ಬಂದು, "ಅಮ್ಮಾ, ಇನ್ನು ಕೈ ಬಿಡಿ" ಎಂದಳು. ಬಿಡಬೇಕೆಂದೇ ನೋಡಿದೆ. ನನ್ನ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಅವಳೇ ಪಕ್ಕದಲ್ಲಿ ಕೂತು ಒಂದೊಂದಾಗಿ ಬಿಡಿಸಿದಳು.